ಅಡುಗೆಮನೆಯ ಸಾಕ್ಷಿ ಕ್ಯಾಪ್ಸೂಲಿಗೆ ನಡೆಯದು

ಮೊಣಕಾಲು ನೋವಿಗೆ ಅರಿಷಿಣ ಒಳ್ಳೆಯದೇ ಎಂದು ಈಗ ಯಾರೂ ಕೇಳುವುದಿಲ್ಲ. ಒಳ್ಳೆಯದೆಂದು ಎಲ್ಲರೂ ಒಪ್ಪಿಕೊಂಡಂತಿದೆ. ಉಳಿದಿರುವುದು ಯಾವ ರೂಪದ್ದು ಎಂಬ ಪ್ರಶ್ನೆಯೊಂದೇ. ಪುಡಿಯೋ, ಗುಳಿಗೆಯೋ, ಸಾರ ತುಂಬಿದ ಕ್ಯಾಪ್ಸೂಲೋ, ಅದರಲ್ಲೂ ಕರಿಮೆಣಸಿನ ಸತ್ವ ಬೆರೆಸಿದ್ದೋ, ಬೆರೆಸದ್ದೋ? ಮರೋಳ, ಹುನಗುಂದದ ಕಡೆ ಹೊಲದಲ್ಲಿ ಬಗ್ಗಿ ದುಡಿದವರಿಗೆ, ಇಳಕಲ್ಲಿನ ಕೈಮಗ್ಗದ ಮುಂದೆ ಕೂತು ಕಾಲು ಹಿಡಿದವರಿಗೆ ಇದು ಹೊತ್ತು ಕಳೆಯುವ ಚರ್ಚೆಯಲ್ಲ. ತಿಂಗಳು ತಿಂಗಳು ಕೈಯಿಂದ ಹೋಗುವ ದುಡ್ಡು ಮತ್ತು ದಿನವೂ ಹೊಟ್ಟೆಗೆ ಹೋಗುವ ವಸ್ತು ಎರಡೂ ಇದರಲ್ಲಿವೆ. ಈ ಪ್ರಶ್ನೆಗೆ ಅಂಗಡಿಯಲ್ಲೂ ಮನೆಯಲ್ಲೂ ಸಿಗುವ ಉತ್ತರವನ್ನು ಅದು ಅತ್ಯಂತ ಬಲವಾಗಿ ಕಾಣುವ ಹಾಗೆಯೇ ಮೊದಲು ಇಟ್ಟುಕೊಳ್ಳೋಣ. ಅರಿಷಿಣದ ಗುಣವೆಲ್ಲ ಅದರ ಹಳದಿ ಬಣ್ಣದ ವಸ್ತುವಾದ ಕರ್ಕ್ಯುಮಿನ್‌ನಲ್ಲಿದೆ. ಪುಡಿಯಲ್ಲಿ ಅದು ನೂರಕ್ಕೆ ಮೂರರಷ್ಟು ಮಾತ್ರ. ಆ ಮೂರೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಆದ್ದರಿಂದ ಕರ್ಕ್ಯುಮಿನ್ ಹೆಚ್ಚಿರುವ, ಚೆನ್ನಾಗಿ ರಕ್ತಕ್ಕೆ ಸೇರುವ ರೂಪವೇ ಮೇಲು. ಭಯಪಡುವ ಕಾರಣವಂತೂ ಇಲ್ಲ, ಏಕೆಂದರೆ ಸಾವಿರಾರು ವರ್ಷಗಳಿಂದ ನಾವು ಅರಿಷಿಣ ತಿನ್ನುತ್ತಲೇ ಬಂದಿದ್ದೇವೆ.

ಈ ಉತ್ತರ ದಡ್ಡತನದ್ದಲ್ಲ. ಅದರ ಒಂದೊಂದು ವಾಕ್ಯದ ಹಿಂದೆಯೂ ಒಂದಿಷ್ಟು ನಿಜವಿದೆ. ಆದರೆ ವಾಕ್ಯಗಳನ್ನು ಜೋಡಿಸುವಾಗ ಒಂದು ಊಹೆ ಸದ್ದಿಲ್ಲದೆ ಒಳಗೆ ಸೇರಿಕೊಂಡಿದೆ: ಪುಡಿ, ಗುಳಿಗೆ, ಸಾರ ಎಂಬುವು ಒಂದೇ ವಸ್ತುವಿನ ಹೆಚ್ಚು ಕಡಿಮೆ ಬಲದ ರೂಪಗಳು, ಹಾಗಾಗಿ ಒಂದರ ಬಗ್ಗೆ ನಮಗಿರುವ ಸಾಕ್ಷಿ ಇನ್ನೊಂದಕ್ಕೂ ಸಲ್ಲುತ್ತದೆ. ಈ ಊಹೆ ತಪ್ಪು ಎಂಬುದೇ ನನ್ನ ವಾದ. ಕಬ್ಬಿನಿಂದ ಬೆಲ್ಲ, ಸಕ್ಕರೆ, ಕಾಕಂಬಿ, ಕಾಕಂಬಿಯಿಂದ ಸ್ಪಿರಿಟ್ಟು ಬರುತ್ತವೆ. ಮುಧೋಳದ ಕಡೆಯ ಯಾವ ರೈತನೂ ಇವನ್ನು ಕಬ್ಬಿನ ನಾಲ್ಕು ರೂಪಗಳೆಂದು ಎದುರಿಗಿಟ್ಟುಕೊಂಡು ಯಾವುದು ಮೇಲೆಂದು ಕೇಳುವುದಿಲ್ಲ. ಅರಿಷಿಣದ ವಿಷಯದಲ್ಲಿ ಮಾತ್ರ ಡಬ್ಬಿಯ ಮೇಲೆ ಅದೇ ಹೆಸರು, ಅದೇ ಕೊಂಬಿನ ಚಿತ್ರ ಇರುವುದರಿಂದ ನಾವು ಮೋಸಹೋಗುತ್ತೇವೆ.

ಮೊದಲು ಲೆಕ್ಕ. ಜಮಖಂಡಿ, ಮುಧೋಳ, ತೇರದಾಳದ ಕಡೆ ಬೆಳೆದು ಸಾಂಗಲಿ ಪೇಟೆಗೆ ಹೋಗುವ ಅರಿಷಿಣವನ್ನೇ ತೆಗೆದುಕೊಳ್ಳಿ. ಗಡ್ಡೆಯನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಉಜ್ಜಿ ಹೊಳಪು ಕೊಟ್ಟ ಮೇಲೆ ಅದು ಕೊಂಬು, ಬೀಸಿದರೆ ಪುಡಿ. ಆ ಪುಡಿಯಲ್ಲಿ ಹೆಚ್ಚಿನ ಪಾಲು ಪಿಷ್ಟ, ಒಂದಷ್ಟು ನಾರು, ಅರಿಷಿಣಕ್ಕೆ ಅದರ ವಾಸನೆ ಕೊಡುವ ಆವಿಶೀಲ ಎಣ್ಣೆ, ಮತ್ತು ಸುಮಾರು ಶೇ. 3ರಷ್ಟು ಕರ್ಕ್ಯುಮಿನ್ ಗುಂಪಿನ ವಸ್ತುಗಳು. ತಳಿ, ಮಣ್ಣು ಬದಲಾದರೆ ಈ ಅಂಕಿಯೂ ಏರಿಳಿಯುತ್ತದೆ. ದಿನಕ್ಕೆ 2 ಗ್ರಾಂ ಪುಡಿ ಸಾರು ಪಲ್ಯದಲ್ಲಿ ಹೊಟ್ಟೆಗೆ ಹೋದರೆ ಕರ್ಕ್ಯುಮಿನ್ 60 ಮಿಲಿಗ್ರಾಂ. ಅದೂ ಪೂರ್ತಿ ಉಳಿಯುವುದಿಲ್ಲ: ಅಡುಗೆಯ ಬಿಸಿಗೆ ಕರ್ಕ್ಯುಮಿನ್ ಶೇ. 27ರಿಂದ 53ರವರೆಗೆ ನಾಶವಾಗುತ್ತದೆ, ಹುಣಸೆ ಹುಳಿ ಇದ್ದರೆ ನಷ್ಟ ಕಡಿಮೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2007ರಲ್ಲಿ ತೋರಿಸಿದ್ದಾರೆ. ಇನ್ನು ಕ್ಯಾಪ್ಸೂಲು. ಕೊಂಬಿನ ಪುಡಿಯನ್ನು ದ್ರಾವಕದಲ್ಲಿ ನೆನೆಸಿ, ಸೋಸಿ, ಪಿಷ್ಟವನ್ನೂ ಎಣ್ಣೆಯನ್ನೂ ಬಿಟ್ಟು, ಹರಳುಗಟ್ಟಿಸಿ ತೆಗೆದ ಶೇ. 95ರ ಸಾರ 500 ಮಿಲಿಗ್ರಾಂ ಇದ್ದರೆ ಅದರಲ್ಲಿ 475 ಮಿಲಿಗ್ರಾಂ ಕರ್ಕ್ಯುಮಿನ್ ವಸ್ತುಗಳಿವೆ. ಅಷ್ಟು ಪುಡಿಯಿಂದಲೇ ಬರಬೇಕಾದರೆ ಸುಮಾರು 16 ಗ್ರಾಂ ತಿನ್ನಬೇಕು. ದಿನಕ್ಕೆರಡು ಕ್ಯಾಪ್ಸೂಲಿಗೆ 32 ಗ್ರಾಂ. ಯಾವ ಅಜ್ಜಿಯೂ ದಿನವೂ, ತಿಂಗಳುಗಟ್ಟಲೆ, ಒಬ್ಬರಿಗೇ ಅಷ್ಟು ಅರಿಷಿಣ ತಿನ್ನಿಸಿಲ್ಲ. ಸಾವಿರಾರು ವರ್ಷಗಳ ಅನುಭವ ಎಂದು ನಾವು ಹೇಳುವುದು 2 ಗ್ರಾಂ ಪುಡಿಯ, ಎಣ್ಣೆಯಲ್ಲಿ ಬೆಂದ, ಅನ್ನ ರೊಟ್ಟಿಯ ಜೊತೆಗೆ ಹೋದ ಅರಿಷಿಣದ ಅನುಭವ. 475 ಮಿಲಿಗ್ರಾಂ ಹರಳಿನ ಅನುಭವಕ್ಕೆ ಕೆಲವು ದಶಕಗಳ ವಯಸ್ಸಷ್ಟೇ.

ರಕ್ತಕ್ಕೆ ಸೇರುವ ಪ್ರಶ್ನೆ ಇನ್ನೂ ಸೂಕ್ಷ್ಮ. ಕರಿಮೆಣಸಿನ ಮಾತು ಬಂದಾಗಲೆಲ್ಲ ಉಲ್ಲೇಖವಾಗುವ 2000 ಶೇಕಡಾ ಎಂಬ ಅಂಕಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಪತ್ತೆಯೇ ಆಗದಷ್ಟು ಅಥವಾ ಅತಿ ಕಡಿಮೆ ಇತ್ತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಸತ್ವ, ಕೊಟ್ಟಾಗ ಪ್ರಮಾಣ ಶೇ. 2000ರಷ್ಟು ಏರಿತು. ಇದು ಒಳ್ಳೆಯ ಕೆಲಸ, ನಿಜವಾದ ಫಲಿತಾಂಶ. ಆದರೆ ಅದರಿಂದ ಹೊರಡುವ ತೀರ್ಮಾನಗಳನ್ನು ಅಳೆಯಬೇಕು. ಸೊನ್ನೆಗೆ ಹತ್ತಿರವಿದ್ದದ್ದು ಇಪ್ಪತ್ತು ಪಟ್ಟಾದರೂ ಅದು ಇನ್ನೂ ಸಣ್ಣ ಪ್ರಮಾಣವೇ, ಆ ಏರಿಕೆಯೂ ನುಂಗಿದ ಮೊದಲ ಒಂದು ಗಂಟೆಯೊಳಗಿನದು. ಅದಕ್ಕಿಂತ ಮುಖ್ಯವಾಗಿ, ಆ ಅಧ್ಯಯನ ಯಾರ ನೋವನ್ನೂ ಅಳೆಯಲಿಲ್ಲ. ರಕ್ತವನ್ನು ಮಾತ್ರ ಅಳೆಯಿತು. ಪೈಪರಿನ್ ಮಾಡುವ ಕೆಲಸವನ್ನೂ ಗಮನಿಸಬೇಕು. ಹೊರಗಿನ ರಾಸಾಯನಿಕಗಳನ್ನು ಕರುಳು ಮತ್ತು ಯಕೃತ್ತು ಒಡೆದು ಹೊರಹಾಕುವ ವ್ಯವಸ್ಥೆಗೆ ಅದು ತಡೆ ಹಾಕುತ್ತದೆ. ಈ ತಡೆ ಕರ್ಕ್ಯುಮಿನ್‌ಗೆ ಮಾತ್ರ ಮೀಸಲಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡ ಮತ್ತು ಎದೆಬಡಿತಕ್ಕೆ ಕೊಡುವ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ರಕ್ತದ ಪ್ರಮಾಣವನ್ನೂ ಪೈಪರಿನ್ ಏರಿಸುವುದು ಮನುಷ್ಯರ ಮೇಲಿನ ಪ್ರಯೋಗಗಳಲ್ಲೇ ಕಂಡಿದೆ. ಅರವತ್ತು ದಾಟಿದ, ಬೇರೆ ನಾಲ್ಕು ಗುಳಿಗೆ ನುಂಗುವ ಮನುಷ್ಯನಿಗೆ ಮೆಣಸಿನ ಸತ್ವ ಬೆರೆತ ಕ್ಯಾಪ್ಸೂಲು ಮೇಲು ಎಂದು ಹೇಳುವಾಗ ಈ ಮಾತು ಡಬ್ಬಿಯ ಮೇಲೆ ಇರುವುದಿಲ್ಲ.

ಇನ್ನು ಇಡೀ ವಾದದ ಬುಡ: ಗುಣವೆಲ್ಲ ಕರ್ಕ್ಯುಮಿನ್‌ನಲ್ಲೇ ಇದೆಯೇ? ಇಲ್ಲಿ ಮೂರು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಗೊಂದಲದ ಸ್ವರೂಪ ಸ್ಪಷ್ಟವಾಗುತ್ತದೆ. ಥಾಯ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ, 367 ಮಂದಿ ಮೊಣಕಾಲು ಸವೆತದ ರೋಗಿಗಳ ಪ್ರಯೋಗದಲ್ಲಿ ದಿನಕ್ಕೆ 1,500 ಮಿಲಿಗ್ರಾಂ ಅರಿಷಿಣದ ಸಾರ, 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಗುಳಿಗೆಯಷ್ಟೇ ನೋವು ಇಳಿಸಿತು. ಹೊಟ್ಟೆಯ ತೊಂದರೆ ಕಡಿಮೆ. ಅದು ಕರ್ಕ್ಯುಮಿನ್ ತುಂಬಿದ ಸಾರ, ಅವಧಿ ನಾಲ್ಕು ವಾರ. ಇಷ್ಟಕ್ಕೇ ನಿಲ್ಲಿಸಿದರೆ ಕ್ಯಾಪ್ಸೂಲಿನ ಪರ ವಾದ ಗೆದ್ದಂತೆ. ಆದರೆ ಬೆಂಗಳೂರಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ, 120 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ಬಳಸಿದ್ದು ನೀರಿನಲ್ಲಿ ಕರಗುವ ಬಹುಶರ್ಕರಗಳಿರುವ, ಕರ್ಕ್ಯುಮಿನ್ ಅನ್ನು ಬಿಟ್ಟು ತೆಗೆದ ಸಾರ. ಅದೂ ಹುಸಿಗುಳಿಗೆಗಿಂತ ಹೆಚ್ಚು ನೋವು ಇಳಿಸಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 70 ಜನರ ಮೇಲೆ ಹನ್ನೆರಡು ವಾರ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದ ಸಾರದಲ್ಲೂ ಹೆಚ್ಚಿನ ಪಾಲು ನೀರಿನಿಂದ ತೆಗೆದದ್ದೇ. ನೋವು ಇಳಿಯಿತು, ಆದರೆ ಎಂಆರ್‌ಐ ಚಿತ್ರದಲ್ಲಿ ಮೊಣಕಾಲಿನ ಒಳಗೆ ತುಂಬಿದ ನೀರು ಕಡಿಮೆಯಾಗಿರಲಿಲ್ಲ. ಒಂದರಲ್ಲಿ ಕರ್ಕ್ಯುಮಿನ್ ತುಂಬಿತ್ತು, ಒಂದರಲ್ಲಿ ಅದನ್ನು ತೆಗೆದುಹಾಕಲಾಗಿತ್ತು, ಇನ್ನೊಂದರಲ್ಲಿ ಅಲ್ಪ ಪಾಲು. ಮೂರರಲ್ಲೂ ಒಂದಿಷ್ಟು ನೋವು ಇಳಿಯಿತು ಎಂದರೆ ಶೇ. 95 ಎಂಬ ಅಂಕಿ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಗುಣವನ್ನು ಅಳೆಯುವುದಿಲ್ಲ ಎಂದಾಯಿತು. ಕರ್ಕ್ಯುಮಿನ್ ಬೇಗ ಒಡೆಯುವ, ಪ್ರಯೋಗಾಲಯದ ಅನೇಕ ಪರೀಕ್ಷೆಗಳಲ್ಲಿ ಕೆಲಸ ಮಾಡಿದಂತೆ ಸುಳ್ಳು ಸೂಚನೆ ಕೊಡುವ ವಸ್ತು ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಯೊಂದರಲ್ಲಿ ಬಂದ ದೀರ್ಘ ವಿಮರ್ಶೆ ಎಚ್ಚರಿಸಿತ್ತು. ಇದರಿಂದ ಅರಿಷಿಣಕ್ಕೆ ಗುಣವಿಲ್ಲ ಎಂದು ಸಾಧಿಸಿದಂತಾಗಲಿಲ್ಲ. ಗುಣ ಯಾವ ಭಾಗದಲ್ಲಿದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ತೀರ್ಮಾನವಾದಂತೆ ಮಾರಾಟ ಮಾತ್ರ ನಡೆದಿದೆ.

ಸುರಕ್ಷತೆಯ ವಿಷಯದಲ್ಲಿ ಈ ಊಹೆ ಬರೀ ತಪ್ಪಾಗಿ ಉಳಿಯದೆ ಅಪಾಯವಾಗುತ್ತದೆ. ಇಟಲಿಯಲ್ಲಿ 2019ರಲ್ಲಿ ಅರಿಷಿಣದ ಪೂರಕಗಳನ್ನು ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಸಾಲಾಗಿ ವರದಿಯಾದವು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2022ರಲ್ಲಿ ತನ್ನ ಬಳಿ ಬಂದ ನೂರಕ್ಕೂ ಹೆಚ್ಚು ದೂರುಗಳಲ್ಲಿ 15 ಯಕೃತ್ತಿನ ಉರಿಯೂತಕ್ಕೆ ಸಂಬಂಧಿಸಿದವು ಎಂದಿತು. ಪೂರಕಗಳಿಂದ ಬರುವ ಕರ್ಕ್ಯುಮಿನ್ 60 ಕಿಲೋ ತೂಕದವರಿಗೆ ದಿನಕ್ಕೆ 153 ಮಿಲಿಗ್ರಾಂ ಮೀರಬಾರದು ಎಂದು ಸೂಚಿಸಿತು. ಮೇಲಿನ ಲೆಕ್ಕದ ಒಂದೇ ಕ್ಯಾಪ್ಸೂಲು ಅದರ ಮೂರು ಪಟ್ಟು. ಅಮೆರಿಕದ ವೈದ್ಯರ ಜಾಲವೊಂದು 2004ರಿಂದ 2022ರವರೆಗೆ ಅರಿಷಿಣಕ್ಕೆ ಸಂಬಂಧಿಸಿದ ಯಕೃತ್ತಿನ ಹಾನಿಯ 10 ಪ್ರಕರಣಗಳನ್ನು ಪರಿಶೀಲಿಸಿತು: ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು, ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ರೋಗನಿರೋಧಕ ಜೀನು ಇತ್ತು. ಆಸ್ಟ್ರೇಲಿಯಾ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ಕೋಟ್ಯಂತರ ಬಳಕೆದಾರರ ನಡುವೆ ಇದು ಬೆರಳೆಣಿಕೆ, ಒಬ್ಬೊಬ್ಬರಿಗೆ ಇರುವ ಅಪಾಯ ಬಹಳ ಸಣ್ಣದು. ಅದನ್ನು ದೊಡ್ಡದು ಮಾಡುವುದೂ ಅಪ್ರಾಮಾಣಿಕತೆ. ಆದರೆ ಈ ಎಚ್ಚರಿಕೆಗಳ ಗುರಿ ಪೂರಕಗಳೇ ಹೊರತು ಸಾರಿಗೆ ಹಾಕುವ ಚಿಟಿಕೆ ಅರಿಷಿಣವಲ್ಲ. ಇಲ್ಲಿ ಒಂದು ಜಾಣ ಆಕ್ಷೇಪ ಏಳಬಹುದು: ರಕ್ತಕ್ಕೇ ಸೇರದ ವಸ್ತು ಯಕೃತ್ತಿಗೆ ಹೇಗೆ ಹಾನಿ ಮಾಡೀತು? ಒಂದು ಉತ್ತರ, ರಕ್ತಕ್ಕೆ ಸೇರದಿರುವುದೇ ಅಡುಗೆಯ ಅರಿಷಿಣದ ರಕ್ಷಣೆಯಾಗಿದ್ದಿರಬಹುದು, ಮೆಣಸಿನ ಸತ್ವ ಅಥವಾ ಬೇರೆ ತಂತ್ರದಿಂದ ಆ ತಡೆಯನ್ನು ತೆಗೆದಾಗ ಹಳೆಯ ಭರವಸೆಯೂ ಅದರೊಡನೆ ಹೋಗುತ್ತದೆ. ಇನ್ನೊಂದು, ಜೀನಿನ ಆ ಸುಳಿವು ನಿಜವಾದರೆ ಇದು ರೋಗನಿರೋಧಕ ವ್ಯವಸ್ಥೆ ಕೆರಳುವ ಬಗೆ. ಅದಕ್ಕೆ ದೊಡ್ಡ ಪ್ರಮಾಣವೇ ಬೇಕೆಂದಿಲ್ಲ.

ಹಾಗಾದರೆ ಪುಡಿಯೇ ನಿರಪಾಯ, ಅದನ್ನೇ ಚಮಚಗಟ್ಟಲೆ ನೀರಿಗೆ ಕಲಸಿ ಕುಡಿಯಬಹುದು ಎಂದು ಯಾರಾದರೂ ತಿರುಗಿ ಹೇಳಿದರೆ ಅದೂ ಅದೇ ತಪ್ಪಿನ ಇನ್ನೊಂದು ಮುಖ. ಅರಿಷಿಣದ ಪುಡಿಯಲ್ಲಿ ಮೂತ್ರಪಿಂಡದ ಹರಳಿಗೆ ಕಾರಣವಾಗಬಲ್ಲ ಆಕ್ಸಲೇಟ್ ಹೆಚ್ಚು, ಅದರಲ್ಲಿ ಬಹುಪಾಲು ನೀರಿನಲ್ಲಿ ಕರಗುವಂಥದ್ದು. ಪೂರಕದ ಪ್ರಮಾಣದಲ್ಲಿ, ಅಂದರೆ ದಿನಕ್ಕೆ ಸುಮಾರು 3 ಗ್ರಾಂ ತೆಗೆದುಕೊಂಡವರ ಮೂತ್ರದಲ್ಲಿ ಆಕ್ಸಲೇಟ್ ಏರಿದ್ದನ್ನು 2008ರ ಅಧ್ಯಯನವೊಂದು ದಾಖಲಿಸಿದೆ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಮೂತ್ರಪಿಂಡದ ಹರಳಿನಿಂದ ಒಮ್ಮೆ ನರಳಿದವರಿಗೆ ಈ ವಿಷಯದಲ್ಲಿ ಪುಡಿಗಿಂತ ಸಾರವೇ ವಾಸಿಯಿರಬಹುದು. ಬಣ್ಣದ ಕಲಬೆರಕೆ ಇನ್ನೊಂದು. ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಕೊಡುವ ಹಂತದಲ್ಲೇ ಸೀಸದ ಹಳದಿ ಬಣ್ಣ ಬೆರೆಸುತ್ತಿದ್ದುದನ್ನು 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬಯಲಿಗೆ ತಂದರು. ಬೀಸಿದ ಪುಡಿಯನ್ನು ನಂಬದೆ ಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದು ಒಳ್ಳೆಯ ರೂಢಿಯೇ, ಆದರೆ ಕಣ್ಣು ಕುಕ್ಕುವ ಹಳದಿಯ ಕೊಂಬನ್ನು ಆರಿಸಿ ತಂದರೆ ಆ ರೂಢಿಯಿಂದ ಪ್ರಯೋಜನವಿಲ್ಲ.

ಆಯುರ್ವೇದದ ಕಡೆಯಿಂದ ಬರುವ ಆಕ್ಷೇಪ ಗಂಭೀರವಾದದ್ದು. ಕರ್ಕ್ಯುಮಿನ್, ಮಿಲಿಗ್ರಾಂ ಎಂದು ಗಿಡವನ್ನು ಸೀಳುವುದೇ ಪಾಶ್ಚಾತ್ಯ ದೃಷ್ಟಿ, ಇಡೀ ದ್ರವ್ಯವನ್ನು ನೋಡುವ ಶಾಸ್ತ್ರಕ್ಕೆ ರೂಪಗಳ ಈ ಜಗಳವೇ ಇಲ್ಲ ಎನ್ನುತ್ತಾರೆ. ಆದರೆ ರೂಪಭೇದವನ್ನು ಅತಿ ಕಟ್ಟುನಿಟ್ಟಾಗಿ ಪಾಲಿಸಿದ್ದೇ ಆ ಶಾಸ್ತ್ರ. ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಕಷಾಯ, ತಣ್ಣೀರಲ್ಲಿ ನೆನೆಸಿದ ಹಿಮ, ಬಿಸಿನೀರು ಸುರಿದ ಫಾಂಟ ಎಂಬ ಐದನ್ನು ಚರಕಸಂಹಿತೆ ಬೇರೆ ಬೇರೆ ಎಣಿಸುತ್ತದೆ, ಒಂದಕ್ಕಿಂತ ಒಂದು ಲಘುವೆಂದು ಕ್ರಮ ಹೇಳುತ್ತದೆ, ರೋಗಿಯ ಮತ್ತು ರೋಗದ ಬಲ ನೋಡಿ ಆರಿಸಬೇಕೆನ್ನುತ್ತದೆ. ಮೈಮೇಲೆ ಪಿತ್ತದ ಗಂಧೆ ಎದ್ದವರಿಗೆ ಹಾಲು, ತುಪ್ಪ, ಸಕ್ಕರೆಯಲ್ಲಿ ಪಾಕ ಮಾಡಿದ ಹರಿದ್ರಾಖಂಡವನ್ನು ಕೊಡುವ ವೈದ್ಯ, ಮಧುಮೇಹಿಗೆ ನೆಲ್ಲಿಯ ಜೊತೆ ಅರಿಷಿಣ ಕೊಡುತ್ತಾನೆ. ಎರಡೂ ಅರಿಷಿಣವೇ ಎಂದು ಅದಲುಬದಲು ಮಾಡುವುದಿಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯಾ ಅರಿಷಿಣದ ಪುಡಿಗೆ ಹೇಳುವ ಪ್ರಮಾಣ 1ರಿಂದ 3 ಗ್ರಾಂ. 32 ಗ್ರಾಂಗೆ ಸಮನಾದ ಕರ್ಕ್ಯುಮಿನ್ ನುಂಗಿಸಿ ಅದಕ್ಕೆ ಋಷಿಗಳ ಹೆಸರು ಹೇಳುವುದು ಆ ಶಾಸ್ತ್ರಕ್ಕೂ ಮಾಡುವ ಅನ್ಯಾಯ. ಇದೇ ಧಾಟಿಯಲ್ಲಿ 1995ರ ಅಮೆರಿಕದ ಪೇಟೆಂಟ್ ಪ್ರಕರಣವನ್ನೂ ಎಳೆದು ತರುತ್ತಾರೆ. ಗಾಯ ಮಾಯಿಸಲು ಅರಿಷಿಣ ಬಳಸುವುದರ ಮೇಲೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪಡೆದಿದ್ದ ಹಕ್ಕನ್ನು ನಮ್ಮ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಹೆಮ್ಮೆಪಡುವ ಗೆಲುವು ಅದು. ಆದರೆ ಅಲ್ಲಿ ಸಾಬೀತಾದದ್ದು ಆ ಜ್ಞಾನ ಮೊದಲಿನಿಂದ ನಮ್ಮಲ್ಲಿತ್ತು ಎಂಬುದು. ಅರಿಷಿಣದ ಕ್ಯಾಪ್ಸೂಲು ಮೊಣಕಾಲು ನೋವು ಇಳಿಸುತ್ತದೆಯೇ ಎಂಬ ಪ್ರಶ್ನೆ ಆ ಕಟಕಟೆಗೆ ಬಂದೇ ಇರಲಿಲ್ಲ.

ಎದುರು ದಿಕ್ಕಿನಿಂದ, ವಿಜ್ಞಾನದ ಪರವಾಗಿ ಬರುವ ಆಕ್ಷೇಪ ಇದಕ್ಕಿಂತ ಬಲವಾದದ್ದು. ಗಿಡದಿಂದ ಸತ್ವ ತೆಗೆದು ಬಳಸಿಯೇ ಅಲ್ಲವೇ ವೈದ್ಯಶಾಸ್ತ್ರ ಮುಂದುವರಿದದ್ದು? ನಿಜ, ಸರ್ಪಗಂಧಿಯೇ ಅದಕ್ಕೆ ನಮ್ಮ ಉದಾಹರಣೆ. ಅದರ ಬೇರು ರಕ್ತದೊತ್ತಡ ಇಳಿಸುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಆಮೇಲೆ ಏನಾಯಿತು ಎಂಬುದರಲ್ಲಿ ಉತ್ತರವಿದೆ. ರಿಸರ್ಪಿನ್ ಅನ್ನು ಯಾರೂ ಸರ್ಪಗಂಧಿಯ ಬಲವಾದ ರೂಪವೆಂದು ಕಿರಾಣಿ ಅಂಗಡಿಯಲ್ಲಿ ಇಡಲಿಲ್ಲ. ಅದು ಹೊಸ ಔಷಧವಾಯಿತು, ಅದರ ಪ್ರಮಾಣ ಮಿಲಿಗ್ರಾಂನ ಭಾಗಗಳಲ್ಲಿ ನಿಗದಿಯಾಯಿತು, ಮನಸ್ಸು ಕುಗ್ಗಿಸುವ ಅದರ ಅಡ್ಡಪರಿಣಾಮ ಲೆಕ್ಕಕ್ಕೆ ಬಂತು, ವೈದ್ಯರ ಚೀಟಿಯಿಲ್ಲದೆ ಕೊಡಬಾರದ್ದಾಯಿತು. ಸತ್ವ ತೆಗೆಯುವುದಕ್ಕೆ ನನ್ನ ವಿರೋಧವಿಲ್ಲ. ತೆಗೆದ ಮೇಲೆ ಅದನ್ನು ಹೊಸ ವಸ್ತುವೆಂದು ಒಪ್ಪಿ ಹೊಸದಾಗಿ ಪರೀಕ್ಷಿಸಬೇಕು. ಅರಿಷಿಣದ ಕ್ಯಾಪ್ಸೂಲು ಹೊಗಳಿಕೆಗೆ ಔಷಧದ ಭಾಷೆಯನ್ನೂ ನಂಬಿಕೆಗೆ ಅಡುಗೆಮನೆಯ ಭಾಷೆಯನ್ನೂ ಬಳಸುತ್ತದೆ, ಎರಡರ ಹೊಣೆಯನ್ನೂ ಹೊರುವುದಿಲ್ಲ.

ಇಷ್ಟಾದ ಮೇಲೂ ಮೊಣಕಾಲು ನೋಯುತ್ತಿರುವವರು ಏನಾದರೊಂದು ಆರಿಸಲೇಬೇಕು. ಯಾವ ರೂಪ ಮೇಲು ಎಂಬ ಪ್ರಶ್ನೆಯನ್ನು ಕೈಬಿಟ್ಟು ಈ ಮೂರನ್ನು ಕೇಳಬೇಕೆನ್ನುತ್ತೇನೆ.

1. ಯಾತಕ್ಕೆ? ಊಟದ ಭಾಗವಾಗಿಯೇ ಆದರೆ ಎಣ್ಣೆಯಲ್ಲಿ ಬಾಡಿಸಿದ ಪುಡಿ ಸಾಕು, ಅದಕ್ಕೆ ಬೇರೆ ಸಮರ್ಥನೆ ಬೇಡ. ನಿರ್ದಿಷ್ಟ ನೋವಿಗಾದರೆ ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕು: ಎಷ್ಟು ದಿನ, ಎಷ್ಟು ಪ್ರಮಾಣ, ಗುಣ ಕಾಣದಿದ್ದರೆ ಎಂದು ನಿಲ್ಲಿಸುವುದು. ಮೇಲೆ ಹೇಳಿದ ಪ್ರಯೋಗಗಳು ನಾಲ್ಕರಿಂದ ಹನ್ನೆರಡು ವಾರದವು. ವರ್ಷಗಟ್ಟಲೆ ನುಂಗುವುದಕ್ಕೆ ಅವು ಸಾಕ್ಷಿಯಲ್ಲ.

2. ಪರೀಕ್ಷೆಯಾದದ್ದು ಇದೇ ಸಾರವೇ? ನೀರಿನ ಸಾರದ ಫಲಿತಾಂಶ ತೋರಿಸಿ ಶೇ. 95ರ ಹರಳನ್ನು ಮಾರಿದರೆ, ಅದು ಬೇರೊಬ್ಬರ ಅಂಕಪಟ್ಟಿ.

3. ಈಗಾಗಲೇ ಏನು ನುಂಗುತ್ತಿದ್ದೇವೆ, ಯಾವ ಕಾಯಿಲೆ ಇದೆ? ರಕ್ತ ತಿಳಿಯಾಗಿಸುವ ವಾರ್ಫರಿನ್‌ನಂಥ ಗುಳಿಗೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಯಕೃತ್ತಿನ ತೊಂದರೆಯಿದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಸಾರದ ಯಾವ ರೂಪವನ್ನೂ ಮುಟ್ಟಬಾರದು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಿಟ್ಟರೆ, ಹಸಿವು ಸತ್ತರೆ ಆ ದಿನವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಏನೇನು ತೆಗೆದುಕೊಳ್ಳುತ್ತೀರಿ ಎಂದಾಗ ಅರಿಷಿಣದ ಡಬ್ಬಿಯನ್ನೂ ಮುಂದಿಡಬೇಕು. ಅದು ಆಹಾರ ತಾನೇ ಎಂದು ಬಿಟ್ಟುಬಿಡುವುದರಿಂದಲೇ ಕಾರಣ ಸಿಗದ ಕಾಮಾಲೆಗಳು ಕಾರಣವಿಲ್ಲದೆಯೇ ಉಳಿಯುತ್ತವೆ.

ಹಳ್ಳಿಯ ಜನ ಇಷ್ಟೆಲ್ಲ ಎಲ್ಲಿ ಓದಿ ತಿಳಿಯಬೇಕು ಎಂಬುದು ಕೊನೆಯ ಆಕ್ಷೇಪ. ನನ್ನ ಮಟ್ಟಿಗೆ ಇದಕ್ಕೇ ಹೆಚ್ಚು ತೂಕ. ಓದುವ ಹೊರೆಯನ್ನೆಲ್ಲ ಕೊಳ್ಳುವವರ ಮೇಲೆ ಹಾಕಿರುವುದೇ ತಪ್ಪು. ಇಂದು ಒಂದೇ ಬಗೆಯ ಅರಿಷಿಣದ ಕ್ಯಾಪ್ಸೂಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗೆ ಆಯುರ್ವೇದ ಔಷಧವಾಗಿಯೂ ಬರಬಹುದು, ಆಹಾರ ಸುರಕ್ಷತಾ ಪ್ರಾಧಿಕಾರದ ಕೆಳಗೆ ಪೂರಕ ಆಹಾರವಾಗಿಯೂ ಬರಬಹುದು. ಪ್ರಾಧಿಕಾರದ 2016ರ ನಿಯಮಗಳು ಎರಡನೆಯದರ ಮೇಲೆ ಇದು ಔಷಧವಾಗಿ ಬಳಸಲು ಅಲ್ಲ ಎಂದು ಎದ್ದು ಕಾಣುವಂತೆ ಬರೆಯಬೇಕೆಂದಿದ್ದವು. ಆ ಮಾತು ಇಂಗ್ಲಿಷಿನಲ್ಲಿದ್ದರೆ ನೋವಿಗೆಂದೇ ಕೊಂಡ ಮುದುಕಿಗೆ ಅದು ಇಲ್ಲದಂತೆಯೇ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಅಲ್ಲಿಯೂ ಇಳಕಲ್ಲಿನಲ್ಲೂ ಆಯುರ್ವೇದ ಕಾಲೇಜುಗಳಿವೆ. ಜಿಲ್ಲೆಯಲ್ಲಿ ಬೆಳೆಯುವ ಕೊಂಬಿನಲ್ಲಿ ಏನೆಷ್ಟಿದೆ, ಅಂಗಡಿಯ ಡಬ್ಬಿಯಲ್ಲಿ ಏನೆಷ್ಟಿದೆ ಎಂದು ಅಳೆದು ಕನ್ನಡದಲ್ಲಿ ಪ್ರಕಟಿಸಲು ಇವರಿಗಿಂತ ಹತ್ತಿರದವರು ಬೇರೆ ಯಾರಿದ್ದಾರೆ? ಡಬ್ಬಿಯ ಮೇಲೆ ಐದು ಸಾಲು ಕನ್ನಡದಲ್ಲಿ ಅಚ್ಚಾಗಬೇಕು: ಯಾವ ದ್ರಾವಕದಿಂದ ತೆಗೆದ ಸಾರ, ಒಂದು ಕ್ಯಾಪ್ಸೂಲಿನಲ್ಲಿ ಕರ್ಕ್ಯುಮಿನ್ ಎಷ್ಟು ಮಿಲಿಗ್ರಾಂ, ಅದು ಎಷ್ಟು ಗ್ರಾಂ ಪುಡಿಗೆ ಸಮ, ಪೈಪರಿನ್ ಇದೆಯೇ ಇದ್ದರೆ ಎಷ್ಟು, ಯಾರು ತೆಗೆದುಕೊಳ್ಳಬಾರದು. ಅದರಲ್ಲಿ ಮೂರನೆಯ ಸಾಲೊಂದನ್ನೇ ಈ ವರ್ಷ ಕಡ್ಡಾಯ ಮಾಡಿದರೂ, 16 ಗ್ರಾಂ ಎಂದು ಓದಿದವರು ಎರಡನೆಯ ಕ್ಯಾಪ್ಸೂಲಿಗೆ ಕೈ ಹಾಕುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿಯಾರು.